ಹತ್ತಿರದ ಬಂದರಿನಿಂದ ಹಡಗು ಹತ್ತಬೇಕು: ಕೊಚ್ಚಿಯಾ, ಮುಂಬೈಯಾ, ಚೆನ್ನೈಯಾ?

ತೋಟದಾಚೆ (ನೀರ್ಚಾಲು)

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಈ ವರ್ಷ ಎಪ್ಪತ್ತು ತುಂಬುತ್ತದೆ. ಏನು ಬೇಕು ಅಂತ ಕೇಳಿದರೆ ಯಾವಾಗಲೂ "ಎಂತದೂ ಬೇಡ" ಅನ್ನುತ್ತಿದ್ದವರು ಈ ಸಲ "ಹಡಗಿನಲ್ಲಿ ಒಂದು ರಾತ್ರಿ ಮಲಗಬೇಕು" ಅಂದರು. ಅಮ್ಮ ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ಅವರು ಬೇರೇನೂ ಕೇಳಿದ್ದು ನನಗೆ ನೆನಪಿಲ್ಲ.

ನಮ್ಮ ಮನೆಯಿಂದ ಮಂಗಳೂರಿನ ಪಣಂಬೂರು ಬಂದರಿಗೆ ಎರಡು ಗಂಟೆ ದಾರಿಯೂ ಇಲ್ಲ. ಮಳೆ ಮುಗಿದ ಮೇಲೆ ಅಲ್ಲಿಗೆ ದೊಡ್ಡ ದೊಡ್ಡ ವಿದೇಶಿ ಹಡಗು ಬಂದ ಫೋಟೋ ಪೇಪರಿನಲ್ಲಿ ಬರುತ್ತದೆ, ಯಕ್ಷಗಾನದ ವೇಷದವರು ಸ್ವಾಗತ ಮಾಡುವುದು ಎಲ್ಲ. ಅಲ್ಲಿಂದಲೇ ಹತ್ತಬಹುದು ಅಂತ ನಾನು ಸುಮ್ನೆ ಅಂದುಕೊಂಡಿದ್ದೆ. ಏಜೆಂಟರಿಗೆ ಫೋನ್ ಮಾಡಿದೆ. ಒಬ್ಬರು ಮುಂಬೈ ಅನ್ನುತ್ತಾರೆ, ಇನ್ನೊಬ್ಬರು ಕೊಚ್ಚಿ, ಮತ್ತೊಬ್ಬರು ಚೆನ್ನೈಯಿಂದ ಶ್ರೀಲಂಕಾ.

ನಾವು ಆರು ಜನ. ಅಪ್ಪ, ಅಮ್ಮ (ಒಂದು ಮಂಡಿ ಆಪರೇಷನ್ ಆಗಿದೆ, ಮೆಟ್ಟಿಲು ನಿಧಾನ), ನಾವಿಬ್ಬರು, ಮಕ್ಕಳಿಬ್ಬರು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಅಮ್ಮನಿಗೆ. ಅಡಿಕೆ ಕೊಯ್ಲಿನ ನಡುವೆ ಹೊರಡುವ ಹಾಗಿಲ್ಲ. ಹೋಗಿ ಬಂದವರು ಹೇಳಿ, ಯಾವ ಹಡಗು, ಯಾವ ಬಂದರು?

ಕುಂಬಳೆ ಅಕ್ಕ

ಪಣಂಬೂರಿನ ಆಸೆ ಬಿಡಿ ಮಾರಾಯ್ರೆ. ನಾನೂ ಒಮ್ಮೆ ಅದನ್ನೇ ಕೇಳಿ ನಗೆಪಾಟಲಾಗಿದ್ದೆ. ಅಲ್ಲಿಗೆ ಬರುವ ಹಡಗಿನವರು ಬೆಳಿಗ್ಗೆ ಇಳಿದು ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಗೋಡಂಬಿ ಫ್ಯಾಕ್ಟರಿ ನೋಡಿ ಸಂಜೆ ವಾಪಸ್ ಹತ್ತಿ ಹೋಗುವವರು. ಅವರಿಗೆ ಮಂಗಳೂರು ನಡುವಿನ ಒಂದು ಸ್ಟಾಪ್ ಅಷ್ಟೆ. ನಾವು ಹತ್ತುವುದಕ್ಕೆ ಬಾಗಿಲು ಅಲ್ಲಿ ಇಲ್ಲ.

ನಾವು ಮುಂಬೈಯಿಂದ ಹೋಗಿದ್ದೆವು, ಗೋವಾ ಮುಟ್ಟಿ ಬರುವುದು. ಹಡಗು ಚೆಂದ. ಆದರೆ ದುಡ್ಡಿನ ಒಂದು ವಿಷಯ ಹೇಳಿಬಿಡುತ್ತೇನೆ. ಏಜೆಂಟ್ ವಾಟ್ಸಾಪಿನಲ್ಲಿ ಕಳಿಸಿದ ದರ ನೋಡಿ ಖುಷಿಯಾಗಿ ಮುಂಗಡ ಕೊಟ್ಟೆವು. ಆಮೇಲೆ ಪೋರ್ಟ್ ಚಾರ್ಜ್ ಬೇರೆ, ಟಿಪ್ಸ್ ಬೇರೆ, ಜಿಎಸ್‌ಟಿ ಬೇರೆ. ಇಳಿದಲ್ಲಿ ಬಸ್ಸಿನ ಸುತ್ತಾಟ ಬೇರೆ. ಮಕ್ಕಳು ತಂಪು ಪಾನೀಯ ಕುಡಿದದ್ದು ಬೇರೆ! ಎಲ್ಲ ಸೇರಿಸಿದರೆ ಮೊದಲು ಹೇಳಿದ್ದರ ಕಾಲು ಭಾಗ ಜಾಸ್ತಿ. ಹಾಗಾಗಿ "ಆರು ಜನಕ್ಕೆ, ಹತ್ತುವುದರಿಂದ ಇಳಿಯುವ ತನಕ, ಎಲ್ಲ ಸೇರಿ ಎಷ್ಟು" ಅಂತ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಉಪ್ಪಳ ಮೇಷ್ಟ್ರು

ತೋಟದಾಚೆಯವರೇ, ಮೊದಲು ಒಂದು ವಿಷಯ ಬಿಡಿಸಿಕೊಳ್ಳಿ. ನಿಮ್ಮ ಅಪ್ಪನಿಗೆ ಬೇಕಾಗಿರುವುದು ಹಡಗೋ ದ್ವೀಪವೋ? ಎರಡಕ್ಕೂ ದಾರಿ ಬೇರೆ.

ಭಾರತದೊಳಗೇ ಓಡುವ ಮೋಜಿನ ಹಡಗು ಅಂದರೆ ಈಗ ಕೊರ್ಡೆಲಿಯಾ ಕಂಪನಿಯ ಎಂಪ್ರೆಸ್ ಹೆಸರೇ ಮೊದಲು ಬರುವುದು. 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಶುರುವಾಯಿತು. ಅದಕ್ಕಿಂತ ಮೊದಲು 2018ರಲ್ಲಿ ಮುಂಬೈ-ಗೋವಾ ನಡುವೆ ಆಂಗ್ರಿಯಾ ಬಂತು. 2019ರಲ್ಲಿ ಜಲೇಶ್ ಅಂತ ಒಂದು ಕಂಪನಿ ಕರ್ಣಿಕಾ ಎಂಬ ಹಡಗು ತಂದಿತು, ಮರುವರ್ಷ ಕೊರೋನಾದಲ್ಲಿ ಮುಚ್ಚಿಯೇ ಹೋಯಿತು, ಹಡಗು ಅಲಂಗ್‌ನ ಗುಜರಿಗೆ ಹೋಯಿತು. 2023ರ ಕೊನೆಗೆ ಇಟಲಿಯ ಕೋಸ್ಟಾ ಸೆರೀನಾ ಬಂದು ಮುಂಬೈ, ಕೊಚ್ಚಿ, ಲಕ್ಷದ್ವೀಪ ಅಂತ ಒಂದೆರಡು ತಿಂಗಳು ಓಡಿ ಹೋಯಿತು. ಈ ವ್ಯಾಪಾರದಲ್ಲಿ ಬಂದವರು ಉಳಿಯುತ್ತಾರೆ ಅಂತ ಹೇಳಲು ಬರುವುದಿಲ್ಲ. ಹಣ ವಾಪಸಾತಿಯ ಷರತ್ತು ಓದದೆ ವರ್ಷ ಮೊದಲೇ ಬುಕ್ ಮಾಡುವುದು ನನ್ನ ಲೆಕ್ಕದಲ್ಲಿ ಜಾಣತನ ಅಲ್ಲ.

ಪೆರ್ಲದ ಹುಡುಗ

ಅಣ್ಣ, ಲಕ್ಷದ್ವೀಪದ ಸರಕಾರಿ ಹಡಗು ನೋಡಿ. ಕೊಚ್ಚಿಯಿಂದ ಎಂವಿ ಕವರತ್ತಿ. ಸಮುದ್ರಂ ಅಂತ ಐದು ದಿನದ ಪ್ಯಾಕೇಜ್. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರೂ ದ್ವೀಪ ಆಗುತ್ತದೆ. ಹಗಲು ದ್ವೀಪ, ರಾತ್ರಿ ಹಡಗು. ನಾನು ಮತ್ತು ಮೂವರು ಫ್ರೆಂಡ್ಸ್ ಹೋಗಿದ್ದೆವು. ನೀರಿನ ಬಣ್ಣ ನೋಡಿದರೆ ನಮ್ಮ ಕಡಲು ಇದೇನಾ ಅನ್ನಿಸುತ್ತದೆ. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ ಉಂಟು, ಮೇಲೆ ಹತ್ತಬಹುದು. ಅಲ್ಲಿಯವರ ಮಾತು ಮಹಲ್, ಮಲಯಾಳವೂ ಅಲ್ಲ.

ಡಿಜೆ, ಈಜುಕೊಳ ಎಲ್ಲ ಇಲ್ಲ. ಅದು ದ್ವೀಪದವರು ಊರಿಗೆ ಹೋಗಿ ಬರುವ ಹಡಗು. ನನಗೆ ಅದೇ ಇಷ್ಟವಾಯಿತು.

ಕುಂಬಳೆ ಅಕ್ಕ

ಪೆರ್ಲದ ತಮ್ಮ, ದ್ವೀಪಕ್ಕೆ ಇಳಿಯುವುದು ಹೇಗೆ ಅಂತ ಹೇಳಲಿಲ್ಲ ನೀನು. ಅವರ ಅಮ್ಮನಿಗೆ ಮಂಡಿ ನೋವು ಉಂಟಲ್ಲ.

ಪೆರ್ಲದ ಹುಡುಗ

ಅಯ್ಯೋ ಹೌದು ಅಕ್ಕ, ಅದು ಮುಖ್ಯ. ಹಡಗು ದಡಕ್ಕೆ ಬರುವುದಿಲ್ಲ. ದೂರದಲ್ಲೇ ನಿಲ್ಲುತ್ತದೆ. ಹಡಗಿನ ಹೊಟ್ಟೆಯಲ್ಲಿ ಒಂದು ಬಾಗಿಲು ತೆರೆಯುತ್ತಾರೆ, ಕೆಳಗೆ ದೋಣಿ. ಆ ದೋಣಿ ಒಮ್ಮೆ ನಮ್ಮ ಕಾಲಿನ ಮಟ್ಟಕ್ಕೆ ಬರುತ್ತದೆ, ಮರುಕ್ಷಣ ಸೊಂಟದಷ್ಟು ಕೆಳಗೆ ಹೋಗುತ್ತದೆ. ಎರಡೂ ಕಡೆ ಇಬ್ಬಿಬ್ಬರು ನಿಂತು ನಮ್ಮ ರಟ್ಟೆ ಹಿಡಿದು, ದೋಣಿ ಮೇಲೆ ಬಂದ ಗಳಿಗೆ ನೋಡಿ "ಚಾಡಿಕ್ಕೋ" ಅನ್ನುತ್ತಾರೆ. ಹಾರಬೇಕು. ನನ್ನ ಎದುರಿದ್ದ ಒಬ್ಬರು ಅಜ್ಜಿಯನ್ನು ಹೂವಿನ ಬುಟ್ಟಿ ಎತ್ತಿದ ಹಾಗೆ ಎತ್ತಿ ಇಳಿಸಿದರು. ಅವರಿಗೆ ದಿನಾ ಅಭ್ಯಾಸ. ಆದರೆ ಆಪರೇಷನ್ ಆದ ಮಂಡಿಗೆ ನಾನು ಹೌದು ಅಂತ ಹೇಳುವುದಿಲ್ಲ.

ಮಂಜೇಶ್ವರ ಬೋಸನ್

ಇಪ್ಪತ್ತೇಳು ವರ್ಷ ಸರಕು ಹಡಗಿನಲ್ಲಿ ದುಡಿದು ಈಗ ಮನೆಯಲ್ಲಿ ತೆಂಗಿನಕಾಯಿ ಲೆಕ್ಕ ಮಾಡುವವನು ನಾನು. ಮೋಜಿನ ಹಡಗಿನಲ್ಲಿ ಕೆಲಸ ಮಾಡಿಲ್ಲ, ಪ್ರಯಾಣಿಕನಾಗಿ ಎರಡು ಸಲ ಹೋಗಿದ್ದೇನೆ. ಆದರೆ ಕಡಲು ಎಲ್ಲರಿಗೂ ಒಂದೇ.

ಪೆರ್ಲದವರು ಹೇಳಿದ್ದು ಸರಿ. ಇನ್ನೊಂದು ಸೇರಿಸುತ್ತೇನೆ. ದೊಡ್ಡ ಮೋಜಿನ ಹಡಗು ಲಕ್ಷದ್ವೀಪದ ಅಗತ್ತಿಗೆ ಹೋದರೂ ಕತೆ ಅದೇ. ಸುತ್ತ ಹವಳದ ದಿಬ್ಬ ಇರುವುದರಿಂದ ಒಳಗೆ ಬರಲಾಗದು, ಹೊರಗೆ ನಿಂತು ದೋಣಿಯಲ್ಲಿ ಕಳಿಸುತ್ತಾರೆ. ಆ ದಿನ ಗಾಳಿ ಜೋರಾಗಿದ್ದರೆ ಕ್ಯಾಪ್ಟನ್ ಇಳಿಸುವುದೇ ಇಲ್ಲ. ದ್ವೀಪ ಕಣ್ಣೆದುರು, ನೀವು ಮೇಲೆ. ಆ ಬೇಸರಕ್ಕೆ ಯಾರೂ ದುಡ್ಡು ವಾಪಸ್ ಕೊಡುವುದಿಲ್ಲ, ಕರಾರಿನಲ್ಲೇ ಬರೆದಿರುತ್ತದೆ.

ಹಡಗು ಆರಿಸುವಾಗ ಜನ ಫೋಟೋ ನೋಡುತ್ತಾರೆ. ನಾನು ಕೋಣೆಯ ನಕ್ಷೆ ನೋಡುತ್ತೇನೆ. ಹಡಗು ಎರಡು ಥರ ಆಡುತ್ತದೆ. ಒಂದು ತೊಟ್ಟಿಲಿನ ಹಾಗೆ ಅಡ್ಡಕ್ಕೆ, ಇನ್ನೊಂದು ಮೂತಿ ಎದ್ದು ಬಿದ್ದು. ಅಡ್ಡ ಆಡುವುದನ್ನು ತಡೆಯಲು ನೀರಿನೊಳಗೆ ಎರಡು ರೆಕ್ಕೆ ಇರುತ್ತವೆ, ಸ್ಟೆಬಿಲೈಸರ್. ಮೂತಿ ಏಳುವುದಕ್ಕೆ ಮದ್ದಿಲ್ಲ. ಹಾಗಾಗಿ ವಯಸ್ಸಾದವರಿಗೆ ಉದ್ದದಲ್ಲಿ ನಡುವೆ, ಎತ್ತರದಲ್ಲಿ ಕೆಳಗೆ. ತಕ್ಕಡಿಯ ನಡುವಿನ ಮುಳ್ಳು ಎಷ್ಟು ಕಡಿಮೆ ಅಲ್ಲಾಡುತ್ತದೆ ನೋಡಿ, ಹಾಗೆ. ಎಲ್ಲರೂ ಮೇಲಿನ ಡೆಕ್ಕು ಮೇಲಿನ ಡೆಕ್ಕು ಅಂತ ಜಾಸ್ತಿ ದುಡ್ಡು ಕೊಡುತ್ತಾರೆ. ವಾಂತಿ ಬರುವವರಿಗೆ ಅದು ದುಡ್ಡು ಕೊಟ್ಟು ತಂದ ಕಷ್ಟ.

ಮತ್ತೆ, ಕೋಣೆಯ ತಲೆಯ ಮೇಲೆ ಏನು ಉಂಟು ಅಂತ ನೋಡಿ. ಊಟದ ಹಾಲ್ ಇದ್ದರೆ ಬೆಳಿಗ್ಗೆ ಐದಕ್ಕೆ ಕುರ್ಚಿ ಎಳೆಯುವ ಸದ್ದು. ಡಾನ್ಸ್ ಹಾಲ್ ಇದ್ದರೆ ರಾತ್ರಿ ಎರಡರವರೆಗೆ ಡಬ ಡಬ. ತೀರಾ ಹಿಂದೆ ಬೇಡ, ಇಂಜಿನ್ ನಡುಕ. ತೀರಾ ಮುಂದೆ ಬೇಡ, ಲಂಗರು ಬಿಡುವಾಗ ಸರಪಳಿಯ ಗಲಾಟೆ ನೇರ ದಿಂಬಿಗೇ. ಮೇಲೂ ಕೆಳಗೂ ಬರೀ ಕೋಣೆಗಳೇ ಇರುವ ಡೆಕ್ಕು ಕೇಳಿ.

ತೋಟದಾಚೆ (ನೀರ್ಚಾಲು)

ಬೋಸನ್ ಅಣ್ಣ, ತುಂಬ ಉಪಕಾರ. ಒಂದು ಹಡಗಿನ ವಿವರದಲ್ಲಿ 48,563 ಟನ್ ಅಂತ ಇತ್ತು, ಇನ್ನೊಂದರಲ್ಲಿ ಲಕ್ಷಕ್ಕಿಂತ ಜಾಸ್ತಿ. ಭಾರ ಜಾಸ್ತಿ ಇದ್ದರೆ ಅಲುಗಾಡುವುದು ಕಡಿಮೆಯಾ?

ಮಂಜೇಶ್ವರ ಬೋಸನ್

ಅದು ತೂಕ ಅಲ್ಲ. ಗ್ರಾಸ್ ಟನ್ನೇಜ್ ಅಂದರೆ ಹಡಗಿನ ಒಳಗಿನ ಒಟ್ಟು ಜಾಗದ ಲೆಕ್ಕ. ನಿಮ್ಮ ಕೊಟ್ಟಿಗೆಯಲ್ಲಿ ಎಷ್ಟು ಅಡಿಕೆ ತುಂಬಬಹುದು ಅಂದ ಹಾಗೆ, ಕೊಟ್ಟಿಗೆಯ ಭಾರ ಅಲ್ಲ. ನೀವು ಹೇಳಿದ 48,563 ಎಂಪ್ರೆಸ್‌ನದ್ದು. 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಅಂತ ಇಳಿದ ಹಡಗು, ಉದ್ದ 211 ಮೀಟರ್. ರಾಯಲ್ ಕೆರಿಬಿಯನ್ನರ ಕೈಯಲ್ಲಿತ್ತು. ಆ ಕಾಲದ ಹಡಗುಗಳಲ್ಲಿ ಕೋಣೆ ಸಣ್ಣ, ಬಾಲ್ಕನಿ ಕಡಿಮೆ. ಜನ ಡೆಕ್ಕಿನ ಮೇಲೆ ಕೂರಲಿ ಅಂತ ಕಟ್ಟಿದ್ದು. ಲಕ್ಷ ದಾಟಿದ್ದು ಕೋಸ್ಟಾ ಸೆರೀನಾ ಇರಬೇಕು, ಅದು 2007ರದ್ದು, ಮೂರು ಸಾವಿರಕ್ಕೂ ಹೆಚ್ಚು ಜನ.

ದೊಡ್ಡದು ಕಡಿಮೆ ಆಡುತ್ತದೆ ಅನ್ನುವುದು ಸಾಧಾರಣ ನಿಜವೇ. ಆದರೆ ದೊಡ್ಡದರಲ್ಲಿ ಊಟಕ್ಕೆ ಸಾಲು, ಲಿಫ್ಟಿಗೆ ಸಾಲು, ಇಳಿಯಲು ಸಾಲು. ಮಂಡಿ ನೋವಿನವರಿಗೆ ಕೋಣೆಯಿಂದ ಊಟದ ಹಾಲಿಗೆ ನಡೆದೇ ಸುಸ್ತು. ಸಣ್ಣ ಹಡಗನ್ನು ಕಡಿಮೆ ಅಂತ ತಿಳಿಯಬೇಡಿ.

ಶಾರ್ಜಾದಿಂದ

ನಮಸ್ಕಾರ, ಊರು ಬಂದ್ಯೋಡು. ಇಷ್ಟೆಲ್ಲ ತಲೆಬಿಸಿ ಯಾಕೆ? ಕಣ್ಣೂರಿನಿಂದಲೋ ಮಂಗಳೂರಿನಿಂದಲೋ ವಿಮಾನ ಹತ್ತಿ ದುಬೈಗೆ ಬನ್ನಿ. ಚಳಿಗಾಲದಲ್ಲಿ ಇಲ್ಲಿಂದ ದೊಡ್ಡ ದೊಡ್ಡ ಹಡಗು ಹೊರಡುತ್ತದೆ. ಇಳಿಯುವುದೂ ದೋಣಿಯಲ್ಲಿ ಅಲ್ಲ, ಸೀದಾ ಬಂದರಿಗೆ.

ಕುಂಬಳೆ ಅಕ್ಕ

ಹೌದು, ಆರು ಪಾಸ್‌ಪೋರ್ಟು, ಆರು ವೀಸಾ, ಆರು ವಿಮಾನ ಟಿಕೆಟು. ಇವರ ಅಪ್ಪ ಕೇಳಿದ್ದು ಒಂದು ರಾತ್ರಿಯ ನಿದ್ದೆ!

ಶಾರ್ಜಾದಿಂದ

ಸರಿ ಅಕ್ಕ, ಸೋತೆ 😄

ಮುಳ್ಳೇರಿಯದವಳು

ಊಟದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಅತ್ತೆಯೂ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ. ಮುಂಬೈಯಿಂದ ಹೊರಡುವ ಹಡಗಿನಲ್ಲಿ ಗುಜರಾತಿ, ಮಾರ್ವಾಡಿ ಜನ ಜಾಸ್ತಿ, ಹಾಗಾಗಿ ಜೈನ ಊಟ ಅಂತ ಬೇರೆಯೇ ಇಡುತ್ತಾರೆ. ಬುಕ್ ಮಾಡುವಾಗಲೇ "ಜೈನ್" ಅಂತ ಬರೆಸಿದರೆ ಈರುಳ್ಳಿ ಬೆಳ್ಳುಳ್ಳಿ ಕಾಟ ಇಲ್ಲ. ಆಲೂಗಡ್ಡೆಯೂ ಇರುವುದಿಲ್ಲ, ಮಕ್ಕಳಿಗೆ ಬರೆಸಬೇಡಿ, ಗಲಾಟೆ ಆಗುತ್ತದೆ. ಅನ್ನ, ತೊವ್ವೆ, ಮೊಸರು ಸಿಕ್ಕಿತು. ನಮ್ಮ ಸಾರಿನ ರುಚಿ ನಿರೀಕ್ಷೆ ಮಾಡಬೇಡಿ. ಅತ್ತೆ ಮೂರು ದಿನವೂ ಮೊಸರನ್ನ ತಿಂದು "ಹಡಗು ಒಳ್ಳೆದುಂಟು" ಅಂದರು.

ಇನ್ನೊಂದು. ಸ್ನಾನದ ಕೋಣೆಗೆ ಹೊಸ್ತಿಲು ಉಂಟು, ಒಂದು ಗೇಣಿನಷ್ಟು. ರಾತ್ರಿ ನಿದ್ದೆಗಣ್ಣಲ್ಲಿ ಅತ್ತೆ ಎಡವಿದರು, ಪುಣ್ಯಕ್ಕೆ ಬಾಗಿಲು ಹಿಡಿದುಕೊಂಡರು. ನಿಮ್ಮ ಅಮ್ಮನ ಮಂಡಿ ವಿಷಯ ಮೊದಲೇ ತಿಳಿಸಿ. ಹೊಸ್ತಿಲು ಇಲ್ಲದ, ಗಾಲಿಕುರ್ಚಿ ಹೋಗುವ ಕೋಣೆ ಬೆರಳೆಣಿಕೆಯಷ್ಟೇ ಇರುತ್ತದೆ. ಕೇಳಿದವರಿಗೆ ಮೊದಲು.

ಉಪ್ಪಳ ಮೇಷ್ಟ್ರು

ಚೆನ್ನೈ ವಿಷಯ ಹೇಳಿಬಿಡುತ್ತೇನೆ. ಜೂನಿನಿಂದ ಸೆಪ್ಟೆಂಬರ್ ನಮ್ಮ ಪಶ್ಚಿಮದ ಕಡಲು ಹೇಗಿರುತ್ತದೆ ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಉಪ್ಪಳದಲ್ಲಿ ಕಡಲು ರಸ್ತೆಯನ್ನೇ ತಿನ್ನಲು ಬರುತ್ತದೆ. ಆಗ ಎಂಪ್ರೆಸ್ ಹಡಗು ಬಂಗಾಳ ಕೊಲ್ಲಿಯ ಕಡೆ, ಚೆನ್ನೈಗೆ ಹೋಗುತ್ತದೆ. 2022ರ ಜೂನಿನಲ್ಲಿ ಶುರು ಮಾಡಿದರು. 2023ರಿಂದ ಶ್ರೀಲಂಕಾದ ಹಂಬಂತೋಟ, ತ್ರಿಂಕೋಮಲಿ, ಕಂಕೇಸಂತುರೈ ಎಲ್ಲ ಸೇರಿತು. ನಮಗೆ ಮಂಗಳೂರು-ಚೆನ್ನೈ ಮೇಲ್ ಉಂಟು, ಮಧ್ಯಾಹ್ನ ಹತ್ತಿದರೆ ಬೆಳಿಗ್ಗೆ ಚೆನ್ನೈ. ಅಡಿಕೆಯವರಿಗೆ ಆ ಹೊತ್ತಿಗೆ ಕೊಯ್ಲು ಇಲ್ಲ. ಆದರೆ ಔಷಧಿ ಬಿಡುವ ಗಡಿಬಿಡಿ, ಮಕ್ಕಳಿಗೆ ಶಾಲೆ. ಓಣಂ ರಜೆಯೊಂದೇ ಹೊಂದುವುದು.

ಇದು ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಬರೆಯುತ್ತೇನೆ. ಲಕ್ಷದ್ವೀಪ ಅಂದರೆ ನಾವು ಏನೋ ಪರದೇಶದ ಹಾಗೆ ಮಾತಾಡುತ್ತೇವೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಈ ಐದು ದ್ವೀಪ 1956ರ ನವೆಂಬರ್ 1ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು, ಅವು ಕೇಂದ್ರಾಡಳಿತಕ್ಕೆ ಹೋದವು. ಒಂದೇ ಮನೆಯ ಪಾಲಾದ ಹಾಗೆ. ದ್ವೀಪದವರು ಈಗಲೂ ಮಂಗಳೂರು ಬಂದರದಿಂದ ಅಕ್ಕಿ, ಹಂಚು, ಕಲ್ಲು ಎಲ್ಲ ಮಂಜಿಯಲ್ಲಿ (ಮರದ ಸರಕು ಹಡಗು) ಸಾಗಿಸುತ್ತಾರೆ.

ಪೆರ್ಲದ ಹುಡುಗ

ಮೇಷ್ಟ್ರೇ, 2024ರ ಮೇ ತಿಂಗಳಲ್ಲಿ ಪರಳಿ ಅಂತ ಒಂದು ವೇಗದ ಹಡಗು ಲಕ್ಷದ್ವೀಪದಿಂದ ಮಂಗಳೂರಿನ ಹಳೇ ಬಂದರಕ್ಕೆ ಜನರನ್ನು ಕರೆದುಕೊಂಡು ಬಂದಿತ್ತು, ಏಳು ಗಂಟೆಯಲ್ಲಿ. ಅದು ದಿನಾ ಓಡುವ ಹಾಗಾದರೆ ನಾನು ಕೊಚ್ಚಿ ಕಡೆ ಮುಖ ಹಾಕುವುದಿಲ್ಲ.

ಮಂಜೇಶ್ವರ ಬೋಸನ್

ಅದು ಕುಳಿತು ಹೋಗುವ ಹಡಗು ತಮ್ಮ, ಬಸ್ಸಿನ ಹಾಗೆ. ಇವರ ಅಪ್ಪ ಮಲಗಬೇಕು ಅಂದದ್ದು.

ಈಗ ನನ್ನ ತೀರ್ಮಾನ ಹೇಳುತ್ತೇನೆ, ಹಿಡಿಸಿದರೆ ತೆಗೆದುಕೊಳ್ಳಿ. ದೋಣಿಗೆ ಹಾರುವುದು ಇರಬಾರದು. ಪಾಸ್‌ಪೋರ್ಟು ಬೇಡ. ಕೊಯ್ಲು ಮುಗಿದಿರಬೇಕು, ಮಳೆ ಹಿಡಿದಿರಬಾರದು. ಇಷ್ಟಕ್ಕೆ ಹೊಂದುವುದು ಕೊಚ್ಚಿಯಲ್ಲಿ ಹತ್ತಿ ಮುಂಬೈಯಲ್ಲಿ ಇಳಿಯುವ ಒಂದು ಕಡೆಯ ಪ್ರಯಾಣ, ಎರಡು ರಾತ್ರಿ. ಹಡಗು ಜಾಗ ಬದಲಿಸುವಾಗ ಇಂಥದ್ದನ್ನು ಇಡುತ್ತಾರೆ, ಎಲ್ಲ ವಾರ ಇರುವುದಿಲ್ಲ, ಕಂಪನಿಯ ವೇಳಾಪಟ್ಟಿ ನೋಡುತ್ತಿರಬೇಕು. ಎರಡೂ ಕಡೆ ಹಡಗು ಬಂದರಿಗೆ ತಾಗಿ ನಿಲ್ಲುತ್ತದೆ, ಸೇತುವೆಯಂಥ ಏಣಿಯಲ್ಲಿ ನಡೆದು ಹೋದರಾಯಿತು. ಕಾಸರಗೋಡಿನಲ್ಲಿ ಬೆಳಿಗ್ಗೆ ವಂದೇ ಭಾರತ್ ಹತ್ತಿದರೆ ಊಟದ ಹೊತ್ತಿಗೆ ಎರ್ನಾಕುಳಂ. ಆದರೆ ಹಡಗಿನ ದಿನವೇ ಹೊರಡಬೇಡಿ, ಹಿಂದಿನ ದಿನ ಹೋಗಿ ಉಳಿಯಿರಿ. ಹಡಗು ಹೊರಡುವುದಕ್ಕೆ ಗಂಟೆಗಳ ಮೊದಲೇ ಬಾಗಿಲು ಮುಚ್ಚುತ್ತಾರೆ, ರೈಲು ತಡವಾಯಿತು ಅಂದರೆ ಕೇಳುವವರಿಲ್ಲ. ಮುಂಬೈಯಲ್ಲಿ ಇಳಿದ ದಿನವೂ ರೈಲು ಹಿಡಿಯುವ ಸಾಹಸ ಬೇಡ. ಮಾರನೇ ದಿನದ ನೇತ್ರಾವತಿಯಲ್ಲಿ ಬನ್ನಿ, ಕಾಸರಗೋಡಿನಲ್ಲೇ ಇಳಿಯಬಹುದು. ಕೊಂಕಣದ ದಾರಿ ಮಕ್ಕಳಿಗೂ ಆಯಿತು.

ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ ಕಡಲು ಕೊಳದ ಹಾಗೆ. ಮೇ ನಡುವಿನ ಮೇಲೆ ದೂರದ ಅಲೆ ಬರಲು ಶುರು.

ತೋಟದಾಚೆ (ನೀರ್ಚಾಲು)

ಇದು ಹೊಳೆದೇ ಇರಲಿಲ್ಲ! ಅಪ್ಪನಿಗೆ ಓದಿ ಹೇಳಿದೆ. ಅವರ ಒಂದೇ ಪ್ರಶ್ನೆ: "ಅದು ನಮ್ಮ ಕುಂಬಳೆಯ ಎದುರಿನಿಂದಲೇ ಹೋಗುತ್ತದಲ್ಲ? ಕಾಣುತ್ತದಾ?" ಚಿಕ್ಕಂದಿನಲ್ಲಿ ಪೊಸಡಿ ಗುಂಪೆ ಗುಡ್ಡ ಹತ್ತಿ ಸಂಜೆ ಹೊತ್ತು ಕಡಲಿನಲ್ಲಿ ಹಡಗಿನ ದೀಪ ನೋಡುತ್ತಿದ್ದರಂತೆ. ಆ ಕಡೆಯಿಂದ ಈ ಕಡೆ ಹೇಗೆ ಕಾಣುತ್ತದೆ ಅಂತ ನೋಡಬೇಕಂತೆ. ಇಷ್ಟು ವರ್ಷದಲ್ಲಿ ಈ ಮಾತು ನಮಗೆ ಹೇಳಿದ್ದೇ ಇಲ್ಲ.

ಮಂಜೇಶ್ವರ ಬೋಸನ್

ಸುಳ್ಳು ಹೇಳಬಾರದು. 30 ಮೀಟರ್ ಎತ್ತರದ ಡೆಕ್ಕಿನಲ್ಲಿ ನಿಂತರೆ ನೀರಿನ ಅಂಚು ಕಾಣುವುದು ಸುಮಾರು 20 ಕಿಲೋಮೀಟರ್ ದೂರಕ್ಕೆ. ದೊಡ್ಡ ಹಡಗು ಅದಕ್ಕಿಂತ ಹೊರಗೆ ಹೋಗುವುದೇ ಜಾಸ್ತಿ, ಕರೆಯ (ದಡದ) ಹತ್ತಿರ ಮೀನಿನ ಬೋಟು, ಬಲೆ ಎಲ್ಲ ಇರುತ್ತದೆ. ಮನೆ, ತೆಂಗು ಕಾಣುವುದಿಲ್ಲ. ರಾತ್ರಿಯಾದರೆ ಊರಿನ ಬೆಳಕು ಮೋಡಕ್ಕೆ ತಾಗಿ ಮಂದವಾಗಿ ಕಂಡರೆ ಪುಣ್ಯ. ಬೆಳಕು ಹರಿದ ಮೇಲೆ ಗಾಳಿ ಸ್ವಚ್ಛ ಇದ್ದರೆ ಘಟ್ಟದ ಸಾಲು ಕಾಣಬಹುದು. ಕುದುರೆಮುಖಕ್ಕೆ ಆ ಹೆಸರು ಬಂದದ್ದು ಆಕಾರದಿಂದ. ಹಿಂದಿನ ಕಾಲದ ಹಡಗಿನವರಿಗೆ ಅದು ಗುರುತಿನ ಬೆಟ್ಟ. ಏಪ್ರಿಲಿನಲ್ಲಿ ಮಬ್ಬು ಇರುತ್ತದೆ, ಅದನ್ನೂ ಹೇಳಿಬಿಡಿ.

ಮುಂಬೈ ಕಡೆ ಹೋಗುವಾಗ ಕರೆ ಬಲಕ್ಕೆ. ಹಾಗಾಗಿ ಅಪ್ಪ ಅಮ್ಮನಿಗೆ ಬಲಬದಿಯ ಕಿಟಕಿ ಕೋಣೆ ಕೇಳಿ. ನಿಮಗೆ ಮಕ್ಕಳೊಂದಿಗೆ ನಾಲ್ಕು ಜನದ ಒಳಕೋಣೆ ಸಾಕು, ಕಿಟಕಿ ಇರುವುದಿಲ್ಲ, ಮಲಗಲು ಮಾತ್ರ ತಾನೇ ಬರುವುದು. ಏಜೆಂಟ್ "ಅದೇ ಬದಿ" ಅಂದರೆ ನಂಬಬೇಡಿ, ಡೆಕ್ಕಿನ ನಕ್ಷೆ ತರಿಸಿ, ಮೂತಿ ಯಾವ ಕಡೆ ಅಂತ ನೋಡಿ, ನೀವೇ ಬೆರಳಿಟ್ಟು ಆರಿಸಿ.

ಮುಳ್ಳೇರಿಯದವಳು

ವಾಂತಿ ಮಾತ್ರೆ ಹಡಗು ಹೊರಡುವುದಕ್ಕೆ ಮೊದಲೇ ತೆಗೆದುಕೊಳ್ಳಬೇಕು, ತಲೆ ತಿರುಗಲು ಶುರುವಾದ ಮೇಲೆ ಪ್ರಯೋಜನ ಕಡಿಮೆ. ನಿಮ್ಮ ಅಪ್ಪನಿಗೆ ಬಿಪಿ ಮಾತ್ರೆ ಇದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ. ಮತ್ತೆ ಎಲ್ಲರ ಮೊಬೈಲೂ ಏರೋಪ್ಲೇನ್ ಮೋಡ್‌ಗೆ ಹಾಕಿಸಿ. ದಡ ಬಿಟ್ಟ ಮೇಲೆ ಹಡಗಿನದ್ದೇ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿಯುತ್ತದೆ. ನಮ್ಮ ಮನೆಯವರು ಅಡಿಕೆ ರೇಟು ಕೇಳಲು ಒಂದು ಫೋನ್ ಮಾಡಿದ್ದರು. ಆ ಬಿಲ್ಲಿನ ಕತೆ ಇಲ್ಲಿ ಬೇಡ.

ತೋಟದಾಚೆ (ನೀರ್ಚಾಲು)

ಬುಕ್ ಆಯಿತು. ಬಲಬದಿ, ನಡುವೆ, ಕೆಳಗಿನ ಡೆಕ್ಕು, ಮೇಲೂ ಕೆಳಗೂ ಕೋಣೆಗಳೇ. ಏಜೆಂಟ್ "ನೀವು ಹಡಗಿನಲ್ಲಿ ಕೆಲಸದಲ್ಲಿದ್ದಿರಾ?" ಅಂತ ಕೇಳಿದರು. ಎಲ್ಲ ಸೇರಿದ ದರ ಬರಹದಲ್ಲಿ ಬಂದಿದೆ ಅಕ್ಕ. ಅಮ್ಮನಿಗೆ ಜೈನ ಊಟ, ಹೊಸ್ತಿಲು ಇಲ್ಲದ ಕೋಣೆ ಖಾಲಿ ಇರಲಿಲ್ಲ, ರಾತ್ರಿ ಬಾತ್‌ರೂಮಿನ ದೀಪ ಹಾಕಿಯೇ ಇಡುತ್ತೇವೆ. ಬಿಸು ಹಬ್ಬಕ್ಕೆ ಮೊದಲು ಮನೆಯಲ್ಲಿರುತ್ತೇವೆ, ಕಣಿ ಇಡಬೇಕಲ್ಲ.

ಒಂದು ಪ್ರಶ್ನೆ ಉಳಿದಿದೆ. ಅಮ್ಮ ಮಿಡಿ ಉಪ್ಪಿನಕಾಯಿಯ ಬಾಟಲಿ ಪ್ಯಾಕ್ ಮಾಡಿದ್ದಾರೆ. ಬಿಡುತ್ತಾರಾ?

ಮಂಜೇಶ್ವರ ಬೋಸನ್

ಹೊರಗಿನ ತಿಂಡಿ ಬಿಡುವುದಿಲ್ಲ. ಸ್ಕ್ಯಾನರಿನಲ್ಲಿ ಸಿಕ್ಕಿಬೀಳುತ್ತದೆ. ಇಸ್ತ್ರಿಪೆಟ್ಟಿಗೆ, ಕೆಟಲ್ ಕೂಡ ಬೇಡ.

ಮುಳ್ಳೇರಿಯದವಳು

ಮೂರು ದಿನದ ಮೊಸರನ್ನಕ್ಕೆ ಉಪ್ಪಿನಕಾಯಿ ಇಲ್ಲದೆ ಹೇಗೆ ಬೋಸನ್ ಅಣ್ಣ? ಅಲ್ಲಿಯದ್ದು ವಿನೆಗರ್ ಉಪ್ಪಿನಕಾಯಿ.

ತೋಟದಾಚೆ (ನೀರ್ಚಾಲು)

ಅಮ್ಮ ಬಾಟಲಿ ತೆಗೆದಿಟ್ಟರು, ಮುಖ ಸಣ್ಣ ಮಾಡಿಕೊಂಡು. ಅಪ್ಪ ಮಾತ್ರ ಪೇಟೆಗೆ ಹೋಗಿ ಒಂದು ಬೈನಾಕ್ಯುಲರ್ ತಂದಿದ್ದಾರೆ. ಈಗ ಅಂಗಳದಲ್ಲಿ ನಿಂತು ಪಕ್ಕದ ತೋಟದ ಅಡಿಕೆ ಗೊನೆ ಎಣಿಸುತ್ತಿದ್ದಾರೆ.